ಅಂಚಿನ ಅಂಕಿಯೂ ಅಳಿಸಿಹೋದ ರೀಲು

ಏಪ್ರಿಲ್ ಒಂಬತ್ತರ ಬೆಳಿಗ್ಗೆ ನಾರಿನ್ ಪಟ್ಟಣದ ಠಾಣೆಗೆ ಫೋಟೊ ಲ್ಯಾಬ್ ಮಾಲೀಕ ತುರಾರ್ ಕೂಗಾಡುತ್ತಲೇ ಬಂದ. ಹಿಂದಿನ ದಿನ ಅವನು ಊಟಕ್ಕೆ ಹೋಗಿದ್ದಾಗ, ಕಲರ್ ಫಿಲ್ಮ್ ತೊಳೆಯುವ ಯಂತ್ರದ ತೊಟ್ಟಿಗೆ ಯಾರೋ ಏನೋ ಸುರಿದಿದ್ದರು. ಅದು ಗೊತ್ತಾಗದೆ ಸಂಜೆ ಅವನು ಹಾಕಿದ ಎರಡು ಮದುವೆಗಳ ರೀಲುಗಳು ಹಾಳಾಗಿದ್ದವು. ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಮೆದೆರ್ ಪಂಚನಾಮೆಗೆ ಕಾನ್‌ಸ್ಟೇಬಲ್ ಬಾಯಿಶ್‌ನನ್ನು ಕರೆದುಕೊಂಡು ಹೋದ. ಬೀಗ ಒಡೆದಿರಲಿಲ್ಲ; ಊಟಕ್ಕೆ ಹೋಗುವಾಗ ತುರಾರ್ ಅದನ್ನು ಹಾಕುತ್ತಲೇ ಇರಲಿಲ್ಲ. ತೊಟ್ಟಿಯ ಪಕ್ಕ ಹೈಪೊ, ಅಂದರೆ ತೊಳೆದ ಚಿತ್ರ ಮಾಸದಂತೆ ಹಾಕುವ ಉಪ್ಪಿನ ಹರಳು ಚೆಲ್ಲಿತ್ತು. ಹಿಂದೆ ಠಾಣೆಯ ಫೋಟೊಗಳನ್ನು ಕತ್ತಲೆಕೋಣೆಯಲ್ಲಿ ತಾನೇ ತೊಳೆಯುತ್ತಿದ್ದ ಮೆದೆರ್‌ಗೆ ಅದರ ಗುರುತು ಹತ್ತಿತು. ಸುರಿದವರಿಗೂ ಆ ಕೆಲಸ ಗೊತ್ತಿರಬೇಕು.

ಜಗಳವಾಡಿದವರು ಯಾರೆಂದು ಕೇಳಿದ್ದಕ್ಕೆ ತುರಾರ್ ನಕ್ಕ. ಶಾಲೆಯ ಮೇಡಂ ಜಿಪಾರ್ ಖಾಲಿ ರೀಲು ತಂದುಕೊಟ್ಟು, ಚಿತ್ರ ಎಲ್ಲಿ ಎಂದು ರಂಪ ಮಾಡಿದ್ದಳಂತೆ. ಆಕೆ ಎಸೆದುಹೋದ ರೀಲು ಕಸದ ಬುಟ್ಟಿಯಲ್ಲೇ ಇತ್ತು. ಮೆದೆರ್ ಅದನ್ನು ಕಿಟಕಿಗೆ ಹಿಡಿದ. ಗಾಜಿನಷ್ಟು ಸ್ವಚ್ಛ. ಅವನ ಮೈ ಉರಿಯಿತು.

"ಚಿತ್ರ ತೆಗೆಯದಿದ್ರೂ ಅಂಚಲ್ಲಿ ಕಂಪನಿಯ ಅಂಕಿ ಮೂಡುತ್ತೆ. ಅದೆಲ್ಲೋ?"

ತುರಾರ್ ಕತ್ತು ಚಾಚಿ ಅಂಚನ್ನು ನೋಡಿದ.

"ಕಪ್ಪು ಬಿಳುಪಿನ ರೀಲನ್ನ ಕಲರ್ ಯಂತ್ರಕ್ಕೆ ತುರುಕಿದ್ದೀಯ. ಚಿತ್ರವೆಲ್ಲ ಕರಗಿಹೋಯ್ತು."

"ಎಲ್ಲಾ ರೀಲೂ ಒಂದೇ ಅಲ್ವಾ ಸಾರ್? ಅವಳಿಗೇ ಕ್ಯಾಮೆರಾ ಹಿಡಿಯೋಕೆ ಬರಲ್ಲ ಅಂದ್ಕೊಂಡೆ."

ಕುಣಿಯಲಾರದವನು ನೆಲ ಡೊಂಕು ಎಂದನಂತೆ. ಬಾಯಿಶ್ ಪಂಚನಾಮೆಗೆ ರೀಲನ್ನೂ ಸೇರಿಸಿದ.

ಜಿಪಾರ್ ಮನೆಯಲ್ಲಿ, ಅಪ್ಪ ತೀರಿ ವರ್ಷವಾದದ್ದಕ್ಕೆ ಭಾನುವಾರ ಹಾಕುವ ಊಟಕ್ಕೆ ತಯಾರಿ ನಡೆದಿತ್ತು. ಅಂದೇ ಗೋರಿಯ ಕಲ್ಲನ್ನೂ ನಿಲ್ಲಿಸಬೇಕು, ಅಲ್ಲಿಯ ರೂಢಿಯಂತೆ ಕಲ್ಲಿನಲ್ಲಿ ಫೋಟೊ ನೋಡಿ ಸತ್ತವರ ಮುಖ ಕೆತ್ತಿರಬೇಕು. ಆಕೆ ಚಹಾ ಬಗ್ಗಿಸಿಕೊಟ್ಟು, ಕೇಳುವ ಮೊದಲೇ ಒಪ್ಪಿಕೊಂಡಳು. ಊರಿನವರ ಫೋಟೊವನ್ನೆಲ್ಲ ತೆಗೆದವನು ಅವಳಪ್ಪ, ಅವನ ಫೋಟೊ ಮಾತ್ರ ಮನೆಯಲ್ಲಿ ಯಾರೂ ತೆಗೆದಿರಲಿಲ್ಲ. ಕೊನೆಯ ಬೇಸಿಗೆಯಲ್ಲಿ, ಕುರಿ ಮೇಯಿಸುವ ಬೆಟ್ಟದ ಮೇಲೆ, ಮಗಳು ಹಠ ಹಿಡಿದು ನಿಲ್ಲಿಸಿ ಆ ರೀಲಿನಲ್ಲಿ ಅವನ ಚಿತ್ರ ತೆಗೆದಿದ್ದಳು.

"ಪಾಸ್‌ಪೋರ್ಟ್ ಫೋಟೊ ಇಲ್ವಾ ಅಕ್ಕ?" ಬಾಯಿಶ್ ಕೇಳಿದ.

"ಇದೆ. ಅದರಲ್ಲಿ ಕಳ್ಳನ ಥರ ಕಾಣ್ತಾನೆ. ನಕ್ಕಿದ್ದು ಆ ರೀಲಲ್ಲಿ ಮಾತ್ರ."

"ತೊಳೆಯೋದು ಗೊತ್ತಿದ್ದೂ ಅಂಗಡಿಗ್ಯಾಕೆ ಕೊಟ್ರಿ?" ಎಂದ ಮೆದೆರ್.

"ಇದ್ದದ್ದು ಅದೊಂದೇ ರೀಲು. ನಾನೇ ಕೆಡಿಸಿಬಿಟ್ರೆ ಅಂತ ಹೆದರಿದೆ. ಅವನು ತಪ್ಪಾಯ್ತು ಅಂದಿದ್ರೆ ಅತ್ತು ಮನೆಗೆ ಬರ್ತಿದ್ದೆ. ಕ್ಯಾಮೆರಾಗೆ ರೀಲು ಹಾಕೋದು ಯಾವ ದಡ್ಡ ಕಲಿಸಿದ್ದು ಅಂದ. ಕಲಿಸಿದ್ದು ನಮ್ಮಪ್ಪ."

ಹಾಳಾದದ್ದು ಯಂತ್ರವಷ್ಟೇ ಅಲ್ಲ, ಎರಡು ಮದುವೆಯ ರೀಲುಗಳೂ ಹೋದವೆಂದು ಮೆದೆರ್ ಹೇಳಬೇಕಾಯಿತು. ಆಕೆಗೆ ಅದು ಗೊತ್ತಿರಲಿಲ್ಲ.

"ಆ ಮದುವೆಗಳಲ್ಲಿ ವಯಸ್ಸಾದವರು ಇದ್ರಾ?" ಎಂದು ಕೇಳಿದಳು.

ಮಧ್ಯಾಹ್ನ ಎರಡಕ್ಕೆ ಆಕೆಯ ಬಂಧನವಾಯಿತು. ಸುಳ್ಳು ಹೇಳಿ ಗಿರಾಕಿಯನ್ನು ವಂಚಿಸಿದ್ದಕ್ಕೆ ತುರಾರ್ ಮೇಲೂ ಮೆದೆರ್ ದೂರು ಬರೆದ, ನಿಬ್ಬು ಮುರಿಯುವಷ್ಟು ಒತ್ತಿ. ಅದರಿಂದ ಅಪ್ಪನ ನಗು ವಾಪಸು ಬರುವುದಿಲ್ಲ. ಭಾನುವಾರ ಆಕೆಯ ಅಣ್ಣಂದಿರು ಮುಖವಿಲ್ಲದ ಕಲ್ಲನ್ನೇ ನಿಲ್ಲಿಸಿದರು.