ಮೂರನೇ ಮೆಟ್ಟಿಲಿನ ಹೊಸ ಬೊಂಬೆ

"ಸಂಹಿತಾ, ಈ ವರ್ಷದ ಹೊಸ ಬೊಂಬೆ ಎಲ್ಲೇ?"

ಅಜ್ಜಿ ಕೇಳುತ್ತಿದ್ದದ್ದು ಇದು ಮೂರನೇ ಸಲ. ಸಂಹಿತಾ ಮೂರನೇ ಸಲವೂ ಕೇಳಿಸದವಳಂತೆ ಶೆಟ್ಟಿ ಬೊಂಬೆಯ ಮುಂದೆ ಅಕ್ಕಿ, ಬೇಳೆ, ಕಡಲೆಯ ಪುಟ್ಟ ರಾಶಿಗಳನ್ನು ಮಾಡುತ್ತ ಕೂತಿದ್ದಳು. ಒಂದೊಂದೇ ಬೇಳೆ ಎತ್ತಿಡುವಷ್ಟು ಶ್ರದ್ಧೆ! ಮನೆಗೆಲಸದಲ್ಲಿ ಅವಳಿಗೆ ಇಷ್ಟು ಶ್ರದ್ಧೆ ಯಾವತ್ತೂ ಬಂದದ್ದಿಲ್ಲ.

ನಾಳೆಯಿಂದ ನವರಾತ್ರಿ. ಡಲ್ಲಾಸ್ ಪಕ್ಕದ ಕಾಪೆಲ್ ಊರಿನ ಆ ಮನೆಯ ಹಾಲಿನಲ್ಲಿ ಪುಸ್ತಕದ ಡಬ್ಬಗಳನ್ನೂ ಮಡಚುವ ಟೇಬಲ್ಲನ್ನೂ ಜೋಡಿಸಿ ಅಜ್ಜಿ ಏಳು ಮೆಟ್ಟಿಲು ಮಾಡಿದ್ದರು. ಮೇಲೆ ಬಿಳಿ ಪಂಚೆ ಹಾಸಿತ್ತು. ತುದಿಯಲ್ಲಿ ಪಟ್ಟದ ಬೊಂಬೆಗಳಾದ ರಾಜ ರಾಣಿ, ಅದರ ಕೆಳಗೆ ದೇವರುಗಳು. ಅಜ್ಜಿ ರಾಜಲಕ್ಷ್ಮಿ ಐದು ವರ್ಷದ ಹಿಂದೆ ಮೈಸೂರಿನಿಂದ ಬರುವಾಗ ಒಂದು ಸೂಟ್‌ಕೇಸಿನಲ್ಲಿ ತಮ್ಮ ಸೀರೆ, ಇನ್ನೊಂದರಲ್ಲಿ ಬರೀ ಬೊಂಬೆ ತಂದವರು.

ಅಜ್ಜಿಯದೊಂದು ನಿಯಮ. ಪ್ರತಿ ವರ್ಷ ಒಂದಾದರೂ ಹೊಸ ಬೊಂಬೆ ಇಡಲೇಬೇಕು. ಕಾಪೆಲ್‌ನಲ್ಲಿ ಬೊಂಬೆ ಅಂಗಡಿ ಎಲ್ಲಿಂದ ಬರಬೇಕು? ಎರಡು ವರ್ಷದ ಹಿಂದೆ ಸಂಹಿತಾಳೇ ದಾರಿ ಹುಡುಕಿದಳು. ಡಲ್ಲಾಸ್ ಕೊಯೋಟ್ಸ್ ಅವಳ ಪ್ರೀತಿಯ ಬೇಸ್‌ಬಾಲ್ ಟೀಮ್. ಅವರ ಆಟ ನೋಡಲು ಹೋದಾಗ ಸ್ಟೇಡಿಯಂನಲ್ಲಿ ಪುಕ್ಕಟೆ ಬೊಂಬೆ ಕೊಟ್ಟಿದ್ದರು. ಆಟಗಾರನ ಬೊಂಬೆ, ಕತ್ತಿನಲ್ಲಿ ಸ್ಪ್ರಿಂಗ್, ಮುಟ್ಟಿದರೆ ತಲೆಯಾಡಿಸುವ ಬಾಬಲ್‌ಹೆಡ್.

"ಅಯ್ಯೋ, ಇದು ತಲೆಯಾಡ್ಸೋ ತಂಜಾವೂರು ಬೊಂಬೆ ಅಲ್ವೇನೇ! ಬಟ್ಟೆ ಒಂದು ಬೇರೆ ಅಷ್ಟೆ," ಎಂದು ಅಜ್ಜಿ ಅದರ ಟೋಪಿಗೆ ಕುಂಕುಮ ಇಟ್ಟು ಮೂರನೇ ಮೆಟ್ಟಿಲಿನ ಮೇಲೆ ನಿಲ್ಲಿಸಿದ್ದರು.

ಅದು ವೇಡ್ ಕಾಲಿಯರ್‌ನ ಬೊಂಬೆ. ಆ ಡಿಸೆಂಬರಿನಲ್ಲೇ ಟೀಮಿನವರು ಅವನನ್ನು ಟ್ರೇಡ್ ಮಾಡಿ, ಬೇರೆ ಆಟಗಾರರ ಬದಲಿಗೆ ಹ್ಯೂಸ್ಟನ್ ಟೀಮಿಗೆ ಕೊಟ್ಟುಬಿಟ್ಟರು.

ಮರುವರ್ಷ ಡೇರಿಯಸ್ ಬೆಲ್‌ನ ಬೊಂಬೆ ಬಂತು. ಅದಕ್ಕೂ ಕುಂಕುಮ, ಅದಕ್ಕೂ ಮೂರನೇ ಮೆಟ್ಟಿಲು. ಜನವರಿಯಲ್ಲಿ ಡೇರಿಯಸ್ ಸಿಯಾಟಲ್‌ಗೆ ಹೋದ.

ಈ ವರ್ಷದ ಬೊಂಬೆ ಮಾಟೆಯೊ ರಿವಾಸ್. ಸಂಹಿತಾಳಿಗೆ ಪ್ರಾಣಕ್ಕಿಂತ ಹೆಚ್ಚಿನ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನ ಒಪ್ಪಂದ ಇನ್ನೊಂದೇ ವರ್ಷ ಇತ್ತು. ಅವನನ್ನು ಉಳಿಸಿಕೊಳ್ಳುತ್ತಾರೋ, ಕೊಟ್ಟುಬಿಡುತ್ತಾರೋ ಎಂದು ಟಿವಿಯಲ್ಲಿ ದಿನಾ ಚರ್ಚೆ. ಅವನ ಬೊಂಬೆ ಈಗ ಸಂಹಿತಾಳ ರೂಮಿನಲ್ಲಿ ಬಟ್ಟೆ ಇಡುವ ಕ್ಲಾಸೆಟ್‌ನಲ್ಲಿ, ಹಳೇ ರೇನ್‌ಕೋಟಿನೊಳಗೆ ಸುತ್ತಿಕೊಂಡು ಅಡಗಿ ಕೂತಿತ್ತು.

"ಈ ವರ್ಷ ಡಾಲ್ ಸಿಗ್ಲಿಲ್ಲ ಅಜ್ಜಿ. ನಾವು ಹೋಗೋಷ್ಟರಲ್ಲಿ ಖಾಲಿ ಆಗಿತ್ತು," ಎಂದಳು ಬೇಳೆಯ ರಾಶಿ ನೋಡುತ್ತ.

ಆಗ ಮೂರನೇ ಮೆಟ್ಟಿಲಿನಿಂದ ಸದ್ದು ಬಂತು. ಟಕ್. ಟಕ್. ಟಕ್.

ವೇಡ್ ತಲೆಯಾಡಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಡೇರಿಯಸ್ ಕೂಡ. ಯಾರೂ ಮುಟ್ಟಿರಲಿಲ್ಲ.

*

"ಪ್ಲೇನ್ ಕಣೇ," ಎಂದ ಅಣ್ಣ ಗೌರವ್, ಫೋನಿನಿಂದ ತಲೆ ಎತ್ತದೆ. ಅವನು ಹೈಸ್ಕೂಲಿನವನು, ಗೊತ್ತಿಲ್ಲದ ವಿಷಯವೇ ಇಲ್ಲ. "ಏರ್‌ಪೋರ್ಟ್ ಪಕ್ಕದಲ್ಲಿ ಮನೆ ಇದ್ರೆ ಎಲ್ಲಾ ಅಲ್ಲಾಡುತ್ತೆ. ಇಲ್ಲಾಂದ್ರೆ ಏಸಿ ಗಾಳಿ."

"ಮತ್ತೆ ಇಬ್ರೂ ಟ್ರೇಡ್ ಆದ್ರಲ್ಲ? ಮೆಟ್ಟಿಲ ಮೇಲೆ ಇಟ್ಟೋರೆಲ್ಲ ಹೋದ್ರು."

"ಲಾಜಿಕ್ ಯೂಸ್ ಮಾಡು. ಬಾಬಲ್‌ಹೆಡ್ ಮಾಡೋದು ಯಾರ್ದು? ಸ್ಟಾರ್‌ಗಳದ್ದು. ಕಾಂಟ್ರಾಕ್ಟ್ ಮುಗಿಯೋಕೆ ಬಂದಾಗ ಸ್ಟಾರ್‌ನ ಎಕ್ಸ್‌ಟೆಂಡ್ ಮಾಡ್ಬೇಕು. ಇಲ್ಲಾಂದ್ರೆ ಸುಮ್ನೆ ಬಿಟ್ಟುಹೋಗ್ತಾನೆ. ಅದಕ್ಕೆ ಮೊದ್ಲೇ ಟ್ರೇಡ್ ಮಾಡಿ ಬೇರೆ ಇಬ್ರನ್ನ ತಗೋತಾರೆ. ನಿನ್ನ ಮೆಟ್ಟಿಲಿಗೂ ಅದಕ್ಕೂ ಏನು ಸಂಬಂಧ?"

ಮಾತು ಸರಿಯಾಗಿಯೇ ಇತ್ತು. ಆದರೆ ಹಾಲಿನಲ್ಲಿ ಟಕ್ ಟಕ್ ಶುರುವಾದಾಗ ಸಂಹಿತಾ ಕಿಟಕಿಗೆ ಓಡಿ ನೋಡಿದ್ದಳು. ಆಕಾಶದಲ್ಲಿ ಒಂದೂ ಪ್ಲೇನ್ ಇರಲಿಲ್ಲ. ಏಸಿಯೂ ಓಡುತ್ತಿರಲಿಲ್ಲ. ಇದನ್ನು ಗೌರವ್‌ಗೆ ಹೇಳಲಿಲ್ಲ. ಹೇಳಿದರೆ ಇಡೀ ವಾರ ಆಡಿಕೊಂಡು ನಗುತ್ತಾನೆ.

*

ಹಬ್ಬದ ಮೂರನೇ ದಿನ ಸಂಜೆ ಅನಿಕಾ ತನ್ನ ಅಮ್ಮನ ಜೊತೆ ಬೊಂಬೆ ನೋಡಲು ಬಂದಳು. ಅನಿಕಾ ಐದನೇ ಕ್ಲಾಸಿನಲ್ಲಿ ಸಂಹಿತಾಳ ಪಕ್ಕ ಕೂರುವವಳು, ಅವರ ಸಾಫ್ಟ್‌ಬಾಲ್ ಟೀಮಿನ ಪಿಚರ್. ಅನಿಕಾ ಎಸೆದರೆ ಎದುರಿನ ಹುಡುಗಿಯರು ಬ್ಯಾಟ್ ಬೀಸಿ ಗಾಳಿಗೆ ಹೊಡೆದು ವಾಪಸ್ ಹೋಗುತ್ತಾರೆ. ಸಂಹಿತಾ ಕ್ಯಾಚರ್, ಬ್ಯಾಟ್ ಹಿಡಿದವರ ಹಿಂದೆ ಕೂತು ಆ ಚೆಂಡು ಹಿಡಿಯುವವಳು. ಅನಿಕಾ ಇಲ್ಲದೆ ಆಡುವುದು ಹೇಗೆಂದು ಅವಳಿಗೆ ಗೊತ್ತೇ ಇಲ್ಲ.

ಅನಿಕಾಳ ಕೈಯಲ್ಲಿ ಟಿಶ್ಯೂ ಪೇಪರ್ ಸುತ್ತಿದ ಏನೋ ಇತ್ತು.

"ಅಜ್ಜಿ, ನಾನೇ ಮಾಡಿದ್ದು. ಆರ್ಟ್ ರೂಮ್‌ನಲ್ಲಿ. ಇದನ್ನ ಮೆಟ್ಟಿಲ ಮೇಲೆ ಇಡ್ತೀರಾ?"

ಮಣ್ಣಿನ ಪುಟ್ಟ ಹುಡುಗಿ. ನೀಲಿ ಟೋಪಿ, ಒಂದು ಕೈಗೆ ದೊಡ್ಡ ಗ್ಲವ್, ಹಿಂದೆ ಜಡೆ, ಬೆನ್ನ ಮೇಲೆ ಒಂಬತ್ತನೇ ನಂಬರ್. ಮೂಗು ಸ್ವಲ್ಪ ಸೊಟ್ಟ. ಆದರೂ ನೋಡಿದ ಕೂಡಲೇ ಅನಿಕಾ ಎಂದು ಗೊತ್ತಾಗುತ್ತಿತ್ತು.

"ನೋಡಿದ್ಯೇನೇ ಸಂಹಿತಾ! ಹೊಸ ಬೊಂಬೆ ತಾನಾಗೇ ನಡ್ಕೊಂಡು ಬಂತು!" ಅಜ್ಜಿಯ ಮುಖ ಅರಳಿತು. ಹಣೆಗೆ ಕುಂಕುಮ ಇಟ್ಟರು. ಮೂರನೇ ಮೆಟ್ಟಿಲಿನ ಮೇಲೆ, ಡೇರಿಯಸ್ ಬೆಲ್‌ನ ಪಕ್ಕ, ಹೊಸ ಬೊಂಬೆಗೆಂದು ಖಾಲಿ ಇದ್ದ ಜಾಗದಲ್ಲೇ ನಿಲ್ಲಿಸಿದರು.

ಸಂಹಿತಾ ಒಂದು ಹೆಜ್ಜೆ ಮುಂದಿಟ್ಟಳು. ಬೇಡ ಎನ್ನಬೇಕೆಂದುಕೊಂಡಳು. ಅನಿಕಾಳ ಎದುರೇ ಹೇಗೆ ಹೇಳುವುದು? ಕಡಲೆಕಾಳಿನ ಉಸಲಿಯ ಬಟ್ಟಲನ್ನು ಅನಿಕಾಳ ಅಮ್ಮನ ಕೈಗೆ ಕೊಟ್ಟಳು.

ವೇಡ್, ಡೇರಿಯಸ್ ಇಬ್ಬರೂ ತಲೆಯಾಡಿಸತೊಡಗಿದರು. ಸರಿ, ಸರಿ ಎನ್ನುವಂತೆ.

*

ಮಾರನೆಯ ದಿನ ಸ್ಕೂಲಿನಿಂದ ಬಂದಾಗ ಅಜ್ಜಿ ಕೋಣೆಯಲ್ಲಿ ಮಲಗಿದ್ದರು. ಅಪ್ಪ ಅಮ್ಮ ಆಫೀಸಿನಲ್ಲಿ. ಬಿಸಿಲಿಗೆ ಹಾಲಿನ ಪರದೆ ಎಳೆದಿತ್ತು. ಹೊರಗೆ ಮೂರೂವರೆಯ ಝಳ, ಒಳಗೆ ಸಂಜೆಯಂಥ ಮಬ್ಬು. ದೀಪ ಆರಿ ಬತ್ತಿಯ ವಾಸನೆ ಮಾತ್ರ ಉಳಿದಿತ್ತು.

ಸಂಹಿತಾ ಬಾಗಿಲಲ್ಲೇ ನಿಂತಳು. ಏಳು ಮೆಟ್ಟಿಲುಗಳಿಂದ ಅಷ್ಟೂ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಅನಿಕಾಳ ಬೊಂಬೆ ಮಾತ್ರ ನೋಡುತ್ತಿರಲಿಲ್ಲ. ನಿನ್ನೆ ನೇರ ನಿಂತಿದ್ದ ಆ ಬೊಂಬೆ ಈಗ ಪಕ್ಕಕ್ಕೆ ತಿರುಗಿತ್ತು. ಅದರ ಮುಖ ಬೀದಿ ಬಾಗಿಲ ಕಡೆಗಿತ್ತು. ಹೊರಡುವವರು ನಿಲ್ಲುವ ಹಾಗೆ.

ಟಕ್, ಎಂದಿತು ಸ್ಪ್ರಿಂಗ್.

 ಸಂಹಿತಾ ತುದಿಗಾಲಲ್ಲಿ ಓಡಿ ಹೋಗಿ ಮಣ್ಣಿನ ಬೊಂಬೆಯನ್ನು ಎತ್ತಿಕೊಂಡಳು, ಹಿಂದೆ ತಿರುಗಿ ನೋಡದೆ ತನ್ನ ರೂಮಿಗೆ ಓಡಿದಳು. ಕ್ಲಾಸೆಟ್‌ನ ರೇನ್‌ಕೋಟಿನೊಳಗೆ, ಮಾಟೆಯೊ ರಿವಾಸ್‌ನ ಪಕ್ಕ ಅದನ್ನು ಮಲಗಿಸಿ ಬಾಗಿಲು ಮುಚ್ಚಿದಳು.

ಸಂಜೆ ಆರತಿಯ ಹೊತ್ತಿಗೆ ಅಜ್ಜಿ ಕೇಳಿದರು, "ಅನಿಕಾ ಬೊಂಬೆ ಎಲ್ಲಿ ಹೋಯ್ತು?"

"ಅದರ ಗ್ಲವ್ ಕಿತ್ತು ಬಂತು ಅಜ್ಜಿ. ಗ್ಲೂ ಹಾಕಿ ಒಣಗಿಸ್ತಿದ್ದೀನಿ."

ಅಜ್ಜಿ ಕನ್ನಡಕದ ಮೇಲಿನಿಂದ ಅವಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. "ಹಾಗಾದ್ರೆ ಆ ಜಾಗ ಹಾಗೇ ಇರ್ಲಿ," ಎಂದಷ್ಟೇ ಹೇಳಿ ಆರತಿ ಎತ್ತಿದರು.

*

ಶನಿವಾರ ಪ್ರಾಕ್ಟೀಸ್ ಮುಗಿಸಿ ಅನಿಕಾ ಸಂಹಿತಾಳ ಜೊತೆಯಲ್ಲೇ ಮನೆಗೆ ಬಂದಳು. ಶೂ ಬಿಚ್ಚಿದವಳೇ ನೇರ ಮೆಟ್ಟಿಲ ಮುಂದೆ ಹೋಗಿ ನಿಂತಳು.

"ನನ್ನ ಡಾಲ್ ಎಲ್ಲಿ?"

ಸಂಹಿತಾ ಬಗ್ಗಿ ತನ್ನ ಶೂ ಲೇಸ್ ಬಿಚ್ಚತೊಡಗಿದಳು.

"ಚೆನ್ನಾಗಿಲ್ಲ ಅಂತ ತೆಗೆದ್ಬಿಟ್ರಾ?" ಅನಿಕಾಳ ದನಿ ಸಣ್ಣಗಾಯಿತು. "ಮೂಗು ಸೊಟ್ಟ ಆಗಿದೆ, ಐ ನೋ. ಎರಡು ಸಲ ಮಾಡಿದೆ."

"ಅಲ್ಲ ಕಣೇ! ನಾನೇ ತೆಗೆದೆ. ಕ್ಲಾಸೆಟ್‌ನಲ್ಲಿದೆ." ಆಮೇಲೆ ಸಂಹಿತಾಳಿಗೆ ತಡೆಯಲಾಗಲಿಲ್ಲ. ವೇಡ್, ಡೇರಿಯಸ್, ತಾನಾಗಿ ಆಡುವ ತಲೆ, ಬಾಗಿಲ ಕಡೆ ತಿರುಗಿದ ಬೊಂಬೆ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. "ಆ ಸ್ಟೆಪ್ ಮೇಲೆ ಹೊಸದಾಗಿ ಯಾರು ಬಂದ್ರೂ ಹೋಗ್ಬಿಡ್ತಾರೆ. ಅದಕ್ಕೇ ತೆಗೆದೆ."

ಅನಿಕಾ ನಗುತ್ತಾಳೆ ಎಂದುಕೊಂಡಿದ್ದಳು. ಅನಿಕಾ ನಗಲಿಲ್ಲ. ನಿಧಾನವಾಗಿ ಕಾರ್ಪೆಟ್ ಮೇಲೆ ಕೂತಳು.

"ನಾವು ಹ್ಯೂಸ್ಟನ್‌ಗೆ ಶಿಫ್ಟ್ ಆಗ್ತಿದ್ದೀವಿ," ಎಂದಳು. "ಡಿಸೆಂಬರ್‌ನಲ್ಲಿ."

 ಸಂಹಿತಾ ಅನಿಕಾಳ ಬೊಂಬೆ ನಿಂತಿದ್ದ ಖಾಲಿ ಜಾಗದ ಕಡೆ ತಿರುಗಿದಳು. ಒಂದು ದಿನ, ಒಂದೇ ಒಂದು ದಿನ ಅದು ಅಲ್ಲಿ ನಿಂತಿತ್ತು.

"ನಾನು ತೆಗೆದಿದ್ದು ಲೇಟ್ ಆಯ್ತು," ಎಂದು ಬಿಕ್ಕಿದಳು.

"ಲೂಸಾ ನೀನು? ನನಗೆ ಆಗಸ್ಟ್‌ನಲ್ಲೇ ಗೊತ್ತು. ಡ್ಯಾಡಿ ಆಫೀಸ್‌ನವರು ಅವ್ರನ್ನ ಇಲ್ಲೇ ಇಟ್ಕೊಳ್ಳೋದಾ, ಹ್ಯೂಸ್ಟನ್‌ಗೆ ಕಳ್ಸೋದಾ ಅಂತ ಹೋಲ್ ಸಮ್ಮರ್ ಡಿಸೈಡ್ ಮಾಡ್ತಿದ್ರು. ದಿನಾ ಡಿನ್ನರ್‌ನಲ್ಲಿ ಅದೇ ಮಾತು. ನನ್ನನ್ನ ಯಾರೂ ಕೇಳ್ಲಿಲ್ಲ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ?"

ಅನಿಕಾ ಕಾರ್ಪೆಟ್ಟಿನ ದಾರ ಕೀಳುತ್ತ ಕೂತಳು. "ನಿನಗೆ ಹೇಳಿದ್ರೆ ನಿಜ ಆಗ್ಬಿಡುತ್ತೆ ಅನ್ನಿಸ್ತು."

ಸಂಹಿತಾ ಅವಳ ಪಕ್ಕ ಕೂತಳು.

"ಹಾಗಾದ್ರೆ ಬೊಂಬೆ ಯಾಕೆ ಮಾಡ್ದೆ?"

"ಲಾಸ್ಟ್ ಇಯರ್ ನಿಮ್ಮಜ್ಜಿ ಹೇಳಿದ್ರಲ್ಲ. ಒಂದು ಸಲ ಮೆಟ್ಟಿಲ ಮೇಲೆ ಇಟ್ಟ ಡಾಲ್‌ನ ಬಿಡೋ ಹಾಗಿಲ್ಲ, ಎವ್ರಿ ಇಯರ್ ತೆಗೆದು ಇಡಲೇಬೇಕು ಅಂತ." ಅನಿಕಾ ಮೂಗು ಒರೆಸಿಕೊಂಡಳು. "ನಾನು ಇಲ್ದೇ ಇದ್ರೂ ನೀನು ಇಡ್ತೀಯಲ್ಲ ಅಂತ."

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಉಸಲಿಯ ಬಟ್ಟಲು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಬಾಗಿಲ ಕಡೆ ತಿರುಗ್ಸಿದ್ದು ನಾನು ಕಣೇ," ಎಂದರು. "ಬಂದೋರಿಗೆ ಮೊದ್ಲು ಅವಳ ಮುಖ ಕಾಣ್ಲಿ ಅಂತ."

ಸಂಹಿತಾ ಮೂರನೇ ಮೆಟ್ಟಿಲು ನೋಡಿದಳು. ವೇಡ್ ಕಾಲಿಯರ್ ಹ್ಯೂಸ್ಟನ್‌ಗೆ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಅವನ ಟೋಪಿಯ ಮೇಲೆ ಅಜ್ಜಿ ಇವತ್ತು ಬೆಳಿಗ್ಗೆ ಇಟ್ಟ ಕುಂಕುಮ ಇನ್ನೂ ಕೆಂಪಗಿತ್ತು. ಡೇರಿಯಸ್‌ಗೂ ಇಟ್ಟಿದ್ದರು.

ಅವಳು ಎದ್ದು ರೂಮಿಗೆ ಹೋದಳು. ಬರುವಾಗ ಎರಡೂ ಕೈಯಲ್ಲಿ ಬೊಂಬೆಗಳಿದ್ದವು. ಮಣ್ಣಿನ ಅನಿಕಾ ಒಂದು ಕೈಯಲ್ಲಿ, ಮಾಟೆಯೊ ರಿವಾಸ್ ಇನ್ನೊಂದರಲ್ಲಿ.

"ಓಹೋ, ಖಾಲಿ ಆಗಿತ್ತು ಅಂದ್ಯಲ್ಲ?" ಎಂದರು ಅಜ್ಜಿ.

"ಸಾರಿ ಅಜ್ಜಿ."

ಅಜ್ಜಿ ಬಯ್ಯಲಿಲ್ಲ. ಕುಂಕುಮದ ಬಟ್ಟಲನ್ನು ಅವಳ ಕೈಗೇ ಕೊಟ್ಟರು.

*

ವಿಜಯದಶಮಿ ಕಳೆದ ಮಾರನೆಯ ಬೆಳಿಗ್ಗೆ, ಸ್ಕೂಲ್ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಅಜ್ಜಿ ಮತ್ತು ಸಂಹಿತಾ ಹಳೇ ಹತ್ತಿ ಸೀರೆಯ ಚೂರುಗಳಲ್ಲಿ ಬೊಂಬೆಗಳನ್ನು ಒಂದೊಂದಾಗಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ಮಣ್ಣಿನ ಅನಿಕಾಳನ್ನು ಸಂಹಿತಾ ತಾನೇ ಸುತ್ತಿದಳು, ಗ್ಲವ್‌ಗೆ ಎರಡು ಸುತ್ತು ಹೆಚ್ಚು. ಎಲ್ಲಕ್ಕಿಂತ ಮೇಲೆ ಇಟ್ಟಳು. ಮುಂದಿನ ವರ್ಷ ಡಬ್ಬ ತೆರೆದ ಕೂಡಲೇ ಸಿಗಬೇಕು.

"ರಿವಾಸ್ ವಿಷಯ ಇನ್ನೂ ಡಿಸೈಡ್ ಆಗಿಲ್ವಂತೆ," ಎಂದು ಗೌರವ್ ಫೋನ್ ನೋಡುತ್ತ ಕೂಗಿ ಹೇಳಿದ. "ನಿನಗೇನನ್ಸುತ್ತೆ?"

"ಗೊತ್ತಿಲ್ಲ," ಎಂದಳು ಸಂಹಿತಾ. ರಿವಾಸ್ ಬೊಂಬೆಗೆ ಸುತ್ತಿದ ಬಟ್ಟೆಯ ತುದಿಯನ್ನು ಒಳಕ್ಕೆ ಸೇರಿಸಿದಳು.

ಡಬ್ಬಕ್ಕೆ ಟೇಪ್ ಹಾಕಿ ಗೆಸ್ಟ್ ರೂಮಿನ ಕ್ಲಾಸೆಟ್‌ನಲ್ಲಿ ಇಟ್ಟಳು. ದೀಪ ಆರಿಸಿ ಬಾಗಿಲು ಮುಚ್ಚುವಾಗ ಒಳಗಿನಿಂದ ಸದ್ದು ಬಂತು.

ಟಕ್. ಟಕ್.

ಬಟ್ಟೆ ಬಿಗಿಯಾಗಿ ಸುತ್ತಿದ್ದಳು. ಯಾವ ತಲೆಯೂ ಅಲ್ಲಾಡಲು ಜಾಗವಿರಲಿಲ್ಲ. ಸಂಹಿತಾ ಕಿವಿಗೊಟ್ಟು ಕೇಳಿದಳು. ಆಕಾಶದಲ್ಲಿ ಪ್ಲೇನ್ ಇದೆಯೋ ಎಂದು ನೋಡಲು ಕಿಟಕಿಗೆ ಓಡಲಿಲ್ಲ. ಬಗ್ಗಿ ಡಬ್ಬದ ಮೇಲೆ ಅಂಗೈ ಇಟ್ಟಳು.

"ಇಲ್ಲೇ ಇರಿ," ಎಂದಳು ಮೆಲ್ಲಗೆ. "ಮುಂದಿನ ವರ್ಷ ನಾನೇ ತೆಗೀತೀನಿ."

ಸದ್ದು ನಿಂತಿತು. ಸಂಹಿತಾ ಬ್ಯಾಗ್ ಏರಿಸಿಕೊಂಡು ಹೊರಗೆ ಓಡಿದಳು. ಬಸ್ ಸ್ಟಾಪಿನಲ್ಲಿ ಅನಿಕಾ ಕಾಯುತ್ತಿದ್ದಳು.