ನನ್ನದೇ ಹೆಸರಿನ ಕೋರಿಕೆ

ಮನೆಯಿಂದ ಕಂಪನಿಯ ಇಮೇಲ್ ತೆರೆಯುವವರಿಗೆ ಅನುಮತಿ ಕೊಡುವುದು ನನ್ನ ಕೆಲಸ. ಫೋನಿನಲ್ಲಿ ದನಿ ಕೇಳದೆ ಯಾರನ್ನೂ ಒಳಗೆ ಬಿಡುವಂತಿಲ್ಲ. ಅಂದು ಮಟಮಟ ಮಧ್ಯಾಹ್ನ ನಾನು ಆಫೀಸಿನಲ್ಲಿರುವಾಗ ನನ್ನದೇ ಹೆಸರಿನಲ್ಲಿ, ನನ್ನ ಮನೆಯ ಲ್ಯಾಪ್‌ಟಾಪಿನಿಂದಲೇ ಕೋರಿಕೆ ಬಂತು. ಅಲ್ಲಿದ್ದವರು ಅತ್ತೆ ಮತ್ತು ಜ್ವರ ಬಂದ ಮಗಳು ಮಾತ್ರ. ಫೋನ್ ಮಾಡಿದೆ.

"ಪಕ್ಕದ ರೂಮಲ್ಲಿ ಕೂತ್ಕೊಂಡು ಫೋನಾ? ಸೋಮಾರಿತನಕ್ಕೂ ಒಂದು ಮಿತಿ ಬೇಡ್ವೇನೇ!" ಅತ್ತೆ ನಕ್ಕರು. "ಮಗು ನಿನ್ನ ತೊಡೆ ಮೇಲೇ ನಿದ್ದೆ ಹೋಗಿದೆ, ಮೆಲ್ಲಗೆ ಟೈಪ್ ಮಾಡು."

ಅವರ ಮಾತಿನ ಹಿಂದೆ ಟಕಟಕ ಸದ್ದು ಕೇಳುತ್ತಿತ್ತು. ನಾನು ಅನುಮತಿ ನಿರಾಕರಿಸಿದೆ. ಸದ್ದು ನಿಂತಿತು.

ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದೆ. ಲ್ಯಾಪ್‌ಟಾಪಿನ ಮುಂದಿನ ಕುರ್ಚಿ ಆ ಸೆಕೆಯಲ್ಲೂ ತಣ್ಣಗೆ ಕೊರೆಯುತ್ತಿತ್ತು. ಮಗಳು ಹಾಸಿಗೆಯಲ್ಲಿ ಒಬ್ಬಳೇ ಮಲಗಿದ್ದಳು, ಜ್ವರ ಬಿಟ್ಟಿತ್ತು. ಬೆಳಿಗ್ಗೆ ಕೆದರಿಕೊಂಡಿದ್ದ ಅವಳ ಕೂದಲಿಗೆ ಯಾರೋ ಬಿಗಿಯಾಗಿ ಜಡೆ ಹೆಣೆದಿದ್ದರು.

ಸಂಧಿವಾತಕ್ಕೆ ಅತ್ತೆಯ ಬೆರಳುಗಳು ಮಡಚುವುದೇ ಇಲ್ಲ.