ನೂರ ಎಂಬತ್ತಾರು ಟಿಕ್ಕುಗಳು

ಮೌಸನ್ನು ಮಗುಚಿ, ಅದರ ಹೊಟ್ಟೆಯ ಮುಚ್ಚಳ ತಿರುಗಿಸಿ, ಒಳಗಿನ ರಬ್ಬರ್ ಗುಂಡನ್ನು ಅಂಗೈಗೆ ಬೀಳಿಸಿಕೊಂಡಳು ಶೈಲಶ್ರೀ. ಒಳಗೆ ಅಂಟಿದ್ದ ಕಪ್ಪು ಕೊಳೆಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಳು. ಗುಂಡನ್ನು ದುಪ್ಪಟ್ಟಾದ ತುದಿಯಿಂದ ಒರೆಸಿ ಮತ್ತೆ ಒಳಗಿಟ್ಟಳು.

ಜಯನಗರ ನಾಲ್ಕನೇ ಬ್ಲಾಕಿನ ಆ ಥೀಸಿಸ್ ಟೈಪಿಂಗ್ ಅಂಗಡಿಯಲ್ಲಿ ಪ್ರತಿ ಬೆಳಿಗ್ಗೆ ಅವಳ ಮೊದಲ ಕೆಲಸ ಇದೇ.

"ಏನಮ್ಮಾ, ಇಲಿಗೆ ಸ್ನಾನ ಆಯ್ತಾ? ಕುಂಕುಮ ಇಟ್ಬಿಡು!" ಒಳಕೋಣೆಯಲ್ಲಿ ಬೈಂಡಿಂಗ್ ಮಾಡುತ್ತಿದ್ದ ಮಾಲೀಕ ತಿರುಮಲೇಶ ನಕ್ಕರು.

ಅವಳು ನಗಲಿಲ್ಲ. ಬಾಗಿಲಲ್ಲಿ ಸುಭಾಷ್ ನಿಂತಿದ್ದ!

ಮಡಿವಾಳ ಕೆರೆಯ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗ. ಕೆರೆಯ ಪಕ್ಕದಲ್ಲೇ ಹುಟ್ಟಿ ಬೆಳೆದವನು. ಏಳು ತಿಂಗಳಿಂದ ಇಲ್ಲಿಗೇ ಬಂದು ಟೈಪ್ ಮಾಡಿಸುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ಕೂತು, ನೊರೆ ಯಾಕೆ ಬರುತ್ತೆ, ಮೀನು ಯಾಕೆ ಸಾಯುತ್ತೆ ಅಂತ ಕಥೆಯ ಹಾಗೆ ಹೇಳುತ್ತಿದ್ದ.

ಆದರೆ ಹದಿನೈದು ದಿನದಿಂದ ಅವನು ಅವಳ ಮುಖವನ್ನೇ ನೋಡುತ್ತಿಲ್ಲ.

'ನಾನೇನು ತಪ್ಪು ಮಾಡಿದೆ?' ಕೇಳುವ ಧೈರ್ಯ ಅವಳಿಗೆ ಇರಲಿಲ್ಲ.

"ಮೇಡಂ, ನಾಳೆ ನಾಲ್ಕು ಗಂಟೆಗೆ ಥೀಸಿಸ್ ಕೊಡ್ಬೇಕು. ತಪ್ಪಿದ್ರೆ ನನ್ನ ರಿಜಿಸ್ಟ್ರೇಷನ್ನೇ ರದ್ದು." ಅವನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. "ವೆಬ್‌ಸೈಟಲ್ಲಿ ನನ್ನ ಲಿಸ್ಟಿನ ನೂರ ಎಂಬತ್ತಾರು ರಿಸರ್ಚ್ ಪೇಪರ್‌ಗೆ ಟಿಕ್ ಹಾಕಿಟ್ಟಿದೀನಿ. ಎಕ್ಸ್‌ಪೋರ್ಟ್ ಮಾಡಿ ರೆಫರೆನ್ಸ್ ಸಾಫ್ಟ್‌ವೇರಿಗೆ ತಗೊಳ್ಳಿ. ನಂಬರ್ ಮಾತ್ರ ಅದೇ ಸಾಲಾಗಿ ಬರ್ಬೇಕು. ಥೀಸಿಸ್ ಒಳಗೆ ಪೇಪರಿನ ಹೆಸರಿಲ್ಲ, ಬರೀ ನಂಬರ್ ಇದೆ."

"ಆಯ್ತ್ರೀ."

ಅವಳಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಮೇಲಿನ ಸಾಲು, ಬಲಗಡೆಯಿಂದ ಎರಡನೆಯ ಬಟನ್. ಆಮೇಲೆ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಅದರಲ್ಲಿ ಎಡಗಡೆಯದು. ಡೆಸ್ಕ್‌ಟಾಪಿಗೆ ಒಂದು ಫೈಲ್ ಬಂದು ಬೀಳುತ್ತದೆ. ಅದರ ಮೇಲೆ ಎರಡು ಸಲ ಒತ್ತಿದರೆ ಪೇಪರುಗಳೆಲ್ಲ ಸಾಫ್ಟ್‌ವೇರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಇನ್ನೂರು ಸಲ ಮಾಡಿದ್ದಳು. ಬೇರೆ ಅಂಗಡಿಯವರೂ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿತ್ತು. ಅವಳು ಆ ಬಟನ್ನುಗಳನ್ನು ಓದುತ್ತಿರಲಿಲ್ಲ. ಜಾಗ ನೋಡಿ ಒತ್ತುತ್ತಿದ್ದಳು.

ಇವತ್ತು ಪುಟದ ಬಣ್ಣ ಯಾಕೋ ಬೇರೆ ಇತ್ತು. ಆದರೂ ಕೈ ಅಭ್ಯಾಸದಂತೆ ಹೋಯಿತು. ಬಲಗಡೆಯಿಂದ ಎರಡನೆಯದು. ಪೆಟ್ಟಿಗೆ ಬಂತು. ಎಡಗಡೆಯದು.

ಪರದೆ ಖಾಲಿಯಾಯಿತು.

ಒಂದು ಟಿಕ್ಕೂ ಇಲ್ಲ... ಒಂದು ಹೆಸರೂ ಇಲ್ಲ... ನಡುವೆ ಒಂದೇ ಒಂದು ಸೊನ್ನೆ!

ಅವಳು ಹಿಂದಕ್ಕೆ ಹೋಗುವ ಬಾಣ ಒತ್ತಿದಳು. ಸೊನ್ನೆ. ಪುಟ ಮುಚ್ಚಿ ತೆರೆದಳು. ಸೊನ್ನೆ. ರಾತ್ರೋರಾತ್ರಿ ಆ ವೆಬ್‌ಸೈಟಿನವರು ಬಟನ್ನುಗಳ ಜಾಗ ಬದಲಿಸಿದ್ದರು. ನಿನ್ನೆ ಎಕ್ಸ್‌ಪೋರ್ಟ್ ಇದ್ದ ಕಡೆ ಇವತ್ತು ಅಳಿಸುವ ಬಟನ್ ಕೂತಿತ್ತು.

"ಆಯ್ತಾ ಮೇಡಂ?"

"ನೆಟ್... ನೆಟ್ ಭಾಳ ಸ್ಲೋ ಐತ್ರೀ."

'ಸುಳ್ಳು! ಇನ್ನೊಂದು ಸುಳ್ಳು!' ಪಿಯುಸಿ ಆಗಿದೆ ಅಂತ ಹೇಳಿ ಕೆಲಸಕ್ಕೆ ಸೇರಿದ್ದಳು. ಈಗ ಎಲ್ಲ ಹೊರಗೆ ಬೀಳುತ್ತದೆ. ತಿರುಮಲೇಶ ಸಾರ್ ನಾಳೆಯಿಂದ ಬರಬೇಡ ಅನ್ನುತ್ತಾರೆ. ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಜೊತೆಗಿರುವ ದೊಡ್ಡವ್ವ ಏನು ಅನ್ನುತ್ತಾಳೋ... ಅದೆಲ್ಲ ಹೋಗಲಿ, ಈ ಮನುಷ್ಯನ ಆರು ವರ್ಷದ ಕೆಲಸ?

ಎದ್ದು ಓಡಿಬಿಡಲೇ? ಚಪ್ಪಲಿ ಬಾಗಿಲಲ್ಲೇ ಇತ್ತು.

ಸುಭಾಷ್ ಸ್ಟೂಲಿನಿಂದ ಬಗ್ಗಿ ನೋಡಿದ. ಅವನ ಮುಖ ಬಿಳಿಚಿತು.

"ಎಲ್ಲಿ ಲಿಸ್ಟು?"

"ಅಳಿಸಿ ಹೋತ್ರೀ... ನಾನ ಅಳಿಸೀನ್ರೀ..."

ಅವನು ಖಾಲಿ ಪರದೆಯನ್ನೇ ನೋಡಿದ. ಕಿರುಚಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಬೇಕಂತ ಮಾಡಿದ್ರಾ?" ಕೊನೆಗೆ ಕೇಳಿದ, ತೀರಾ ಸಣ್ಣ ದನಿಯಲ್ಲಿ. "ನಾನು ಕೇಳಿದ್ದು ಇಷ್ಟ ಆಗ್ಲಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬೋದಿತ್ತು ಅಲ್ವಾ?"

"ಏನ್ ಕೇಳಿದ್ರಿ? ಯಾವಾಗ?"

"ಆಹಾ! ಕೃತಜ್ಞತೆ ಪುಟದಲ್ಲಿ ನಾನು ಬರೆದಿದ್ದ ಕೊನೇ ಸಾಲು! ನಿಮ್ಮ ಕೈಯಾರೆ ಟೈಪ್ ಮಾಡಿ, 'ತಪ್ಪಿದ್ರ ಹೇಳ್ರಿ' ಅಂತ ಪ್ರಿಂಟ್ ಕೈಗೆ ಕೊಟ್ರಲ್ಲ! ಹದಿನೈದು ದಿನದಿಂದ ನಿದ್ದೆ ಇಲ್ಲ ನಂಗೆ..."

ಶೈಲಶ್ರೀ ಒಳಕೋಣೆಯ ಕಡೆ ನೋಡಿದಳು. ದುಪ್ಪಟ್ಟಾದ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಇಷ್ಟು ದಿನ ಕಾಪಾಡಿಕೊಂಡು ಬಂದದ್ದು ಒಂದೇ ಉಸಿರಿಗೆ ಹೊರಬಿತ್ತು.

"ನಂಗ ಇಂಗ್ಲಿಷ್ ಓದಾಕ ಬರಂಗಿಲ್ರೀ."

"ಏನು?"

"ಅಕ್ಷರ ಅಷ್ಟ ಗೊತ್ರೀ. ಅರ್ಥ ಗೊತ್ತಿಲ್ಲ. ಬರದಿದ್ದನ್ನ ನೋಡಿಕೋಂತ ಬಡಿತೀನಿ. ಏಳನೇತ್ತಕ್ಕ ಸಾಲಿ ಬಿಟ್ಟೀನ್ರೀ... ಆ ಸಾಲಿನಾಗ ಏನೈತಿ ಅಂತ ನಂಗ ಇವತ್ತಿಗೂ ಗೊತ್ತಿಲ್ರೀ!"

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅವಳ ಕಣ್ಣಿಂದ ಒಂದು ಹನಿ ಕೀಬೋರ್ಡಿನ ಮೇಲೆ ಬಿತ್ತು. ಗಾಬರಿಯಿಂದ ಒರೆಸಿದಳು. ಆಗ ಏನೋ ನೆನಪಾಗಿ, ಡ್ರಾಯರ್ ಎಳೆದು ಒಂದು ಹಳೇ ನೋಟ್‌ಬುಕ್ ತೆಗೆದಳು.

"ಇದು ಏನಾರ ಉಪಯೋಗಕ್ಕ ಬರ್ತೈತೇನ ನೋಡ್ರಿ..."

ಸುಭಾಷ್ ಹಾಳೆ ತಿರುಗಿಸಿದ. ಗುಂಡಗಿನ ಕನ್ನಡ ಅಕ್ಷರ.

'೧೪. ನೊರೆ ಸೋಪಿನಿಂದ ಬರ್ತದ ಅಂದವರು.' ಪಕ್ಕದಲ್ಲಿ ಚಿತ್ರ ಬಿಡಿಸಿದ ಹಾಗೆ ನಕಲು ಮಾಡಿದ ಇಂಗ್ಲಿಷ್ ಹೆಸರು, ಇಸವಿ. '೧೫. ಮೀನಿನ ಕಿವಿರು ಕೊಯ್ದು ನೋಡಿದವರು. ಇವರದು ಸುಳ್ಳು ಅಂತ ಸುಭಾಷ್ ಸರ್ ನಕ್ಕರು.' '೧೬...' ನೂರ ಎಂಬತ್ತಾರರ ತನಕ!

"ಇದೆಲ್ಲ ಯಾಕ್ ಬರ್ಕೊಂಡ್ರಿ?"

"ನೀವು ಹೇಳಿದ್ದು ಮರೀಬಾರ್ದಂತ..."

ಅವನು ಎರಡು ಕೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ಸ್ಟೂಲನ್ನು ಹತ್ತಿರ ಎಳೆದ. "ಹೇಳಿ, ಒಂದನೇ ನಂಬರ್ ಯಾರದು?"

ಅವಳು ಒಂದೊಂದೇ ಅಕ್ಷರ ಹೇಳಿದಳು, ಅವನು ಹುಡುಕಿದ. ಸಿಕ್ಕಿದ್ದಕ್ಕೆ ಟಿಕ್ ಹಾಕಿದ. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ನಲವತ್ತೊಂದನೆಯದು ಮೊದಲು ಸಿಗಲಿಲ್ಲ. ಅವಳು ಒಂದು ಅಕ್ಷರ ತಿರುಗುಮುರುಗು ಮಾಡಿದ್ದಳು, ಅಷ್ಟೇ. ಅವತ್ತೇ ಸಂಜೆ ನಾಲ್ಕೂವರೆಗೆ ಕೊನೆಯ ಟಿಕ್ ಬಿತ್ತು.

"ಈಗ ನೀವೇ ಒತ್ತಿ," ಅಂದ.

ಅವಳು ಕೈ ಹಿಂದಕ್ಕೆಳೆದುಕೊಂಡಳು. "ಬ್ಯಾಡ್ರೀ, ಅಂಜಿಕಿ ಬರ್ತೈತಿ!"

"ಜಾಗ ನೋಡ್ಬೇಡಿ, ಅಕ್ಷರ ನೋಡಿ. ಇ, ಎಕ್ಸ್, ಪಿ... ಕಳಿಸು ಅಂತ ಅರ್ಥ. ಇದು ಹೊರಗೆ ಕಳಿಸೋ ಬಟನ್."

ಆ ಅಕ್ಷರಗಳನ್ನು ಹುಡುಕಿ, ಕಣ್ಣು ಮುಚ್ಚಿ ಒತ್ತಿದಳು. ತೆರೆದಾಗ ಫೈಲ್ ಬಂದಿತ್ತು. ಸಾಫ್ಟ್‌ವೇರಿನಲ್ಲಿ ನೂರ ಎಂಬತ್ತಾರೂ ಸಾಲಾಗಿ ನಿಂತವು. ಅದೇ ಕ್ರಮ, ಅದೇ ನಂಬರ್! ಕೃತಜ್ಞತೆಯ ಪುಟವೊಂದನ್ನು ಬಿಟ್ಟು ಪ್ರಿಂಟರ್ ಗುರುಗುಟ್ಟುತ್ತಾ ಥೀಸಿಸ್ ಉಗುಳತೊಡಗಿತು.

ಆಗ ಅವಳು ಕೃತಜ್ಞತೆಯ ಪುಟ ತೆರೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಕನ್ನಡದಾಗ ಹೇಳ್ರಿ."

ಸುಭಾಷ್ ಕೆಂಪಾದ. "'ಈ ಪುಟ ಟೈಪ್ ಮಾಡ್ತಿರೋವ್ರೇ, ನನ್ನನ್ನ ಮದುವೆ ಆಗ್ತೀರಾ? ಈ ಸಾಲನ್ನ ಟೈಪ್ ಮಾಡ್ಬೇಡಿ, ಉತ್ತರ ಬಾಯಲ್ಲಿ ಹೇಳಿ.'"

ಅವಳ ಕಿವಿ ಬಿಸಿಯಾಯಿತು. ಬೆಳಗಿನದಕ್ಕಿಂತ ದೊಡ್ಡ ಭಯ ಎದೆಗೆ ಬಂದು ಕೂತಿತು. ಆದರೆ ಈ ಸಲ ಬಾಗಿಲ ಬಳಿಯ ಚಪ್ಪಲಿಯ ಕಡೆ ಅವಳ ಕಣ್ಣು ಹೋಗಲಿಲ್ಲ.

"ಸಾಲಿ ಬಿಟ್ಟಾಕಿ ಅಂತ ಗೊತ್ತಾದ ಮ್ಯಾಲೂ?"

"ಗೊತ್ತಾದ್ಮೇಲೇ ಜಾಸ್ತಿ."

"ನಂಗ ಭಾಳ ಅಂಜಿಕಿ ಆಗಾಕತ್ತೈತ್ರೀ..."

"ನಂಗೂ. ಕೈ ಮುಟ್ಟಿ ನೋಡಿ, ಹೆಂಗೆ ತಣ್ಣಗಿದೆ."

ಅವಳು ಮುಟ್ಟಲಿಲ್ಲ. ಆ ಸಾಲಿನ ಕೊನೆಗೆ ಹೋಗಿ, ಒಂದೊಂದೇ ಅಕ್ಷರವಾಗಿ ಅಳಿಸತೊಡಗಿದಳು. ಅವನ ಮುಖ ಇಳಿದುಹೋಯಿತು. ಕೊನೆಯ ಅಕ್ಷರವೂ ಹೋದ ಮೇಲೆ ಅವಳು ತಿರುಗಿದಳು.

"ಟೈಪ್ ಮಾಡಬ್ಯಾಡ, ಬಾಯಿಲೆ ಹೇಳು ಅಂದೀರಲ್ಲ... ಹೂಂರೀ."

ಅಷ್ಟು ಹೇಳಿ ಅವನ ತಣ್ಣನೆಯ ಕೈ ಹಿಡಿದುಕೊಂಡಳು. "ಸಾರ್‌ಗೂ ಇವತ್ತ ಖರೇ ಹೇಳಿಬಿಡ್ತೀನ್ರೀ. ಕೆಲಸ ಹೋದ್ರ ಹೋಗ್ಲಿ."

"ನಾನೂ ಪಕ್ಕದಲ್ಲಿ ನಿಂತ್ಕೋತೀನಿ."

ಪ್ರಿಂಟರ್ ತಟಕ್ಕನೆ ನಿಂತು ಕೀಂಗುಟ್ಟಿತು. ಇಬ್ಬರೂ ಕದಲಲಿಲ್ಲ.

"ಶೈಲಾ, ಹಾಳೆ ಖಾಲಿ ಆಯ್ತು ಅನ್ಸುತ್ತೆ," ಒಳಗಿನಿಂದ ತಿರುಮಲೇಶರ ದನಿ ಬಂತು. "ಸ್ವಲ್ಪ ಹಾಳೆ ಹಾಕಮ್ಮಾ!"